ಕರ್ನಲ್ ಮಾತು ಕೇಳಿಸಿದವರಿಗೆ ಥ್ಯಾಂಕ್ಸ್

ನಿಮ್ಮ ಹೆಸರು ಗೊತ್ತಿಲ್ಲ, ಆದರೂ ಇದು ನಿಮ್ಮ ಕಣ್ಣಿಗೆ ಬೀಳಲಿ ಅಂತ ಆಸೆ. ಕ್ಯೂಎಮುನಲ್ಲಿ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್) ಆರ್ಮ್ ಪ್ರೊಸೆಸರ್‌ನ ಲಿನಕ್ಸ್ ಇಮೇಜ್ ಬೂಟ್ ಮಾಡಲು ಹೋಗಿ ಖಾಲಿ ಟರ್ಮಿನಲ್ ನೋಡುತ್ತಾ ಕೂತಿದ್ದವಳು ನಾನೇ. ಎರರ್ ಕೂಡ ಇಲ್ಲ. ಇಮೇಜ್ ಕೆಟ್ಟಿದೆ, ಬೇರೆ ಹಾಕಿ ಅಂದವರೇ ಜಾಸ್ತಿ. ನೀವು ಮಾತ್ರ ಕಮಾಂಡ್ ಪೂರ್ತಿ ಕಳಿಸಿ ಅಂದಿರಿ. ಅದನ್ನು ನೋಡಿ, ಲಿನಕ್ಸ್‌ನ ತಿರುಳಾದ ಕರ್ನಲ್ ಬಗ್ಗೆ ಹೇಳಿದಿರಿ:

"ಕರ್ನಲ್ ಸುಮ್ನೆ ಕೂತಿಲ್ಲ, ಮಾತಾಡ್ತಾ ಇದೆ, ನಿಮಗೆ ಕೇಳಿಸ್ತಿಲ್ಲ ಅಷ್ಟೇ." ಎಷ್ಟು ಸರಿ! 'ವರ್ಟ್' ಮೆಷಿನ್‌ನಲ್ಲಿ (ಕ್ಯೂಎಮು ಅನುಕರಿಸುವ ಕಂಪ್ಯೂಟರ್ ಮಾದರಿ) ಸೀರಿಯಲ್ ಪೋರ್ಟ್ ಪಿಎಲ್011 ಅನ್ನೋ ಬಗೆಯದು, ಹಾಗಾಗಿ ಕನ್ಸೋಲ್, ಅಂದರೆ ಕರ್ನಲ್ ಮೆಸೇಜ್ ಕಳಿಸುವ ಜಾಗ, ಟಿಟಿವೈಎಎಂಎ0 ಆಗಬೇಕು, ಪಿಸಿಯಲ್ಲಿರುವ ಟಿಟಿವೈಎಸ್0 ಅಲ್ಲ. ಅದೊಂದು ಬದಲಿಸಿದ್ದೇ ತಡ, ಬೂಟ್ ಮೆಸೇಜ್‌ಗಳು ಸಾಲುಸಾಲಾಗಿ ಸುರಿದವು, ಕೊನೆಗೆ ರೂಟ್ ಫೈಲ್ ಸಿಸ್ಟಮ್ (ಲಿನಕ್ಸ್‌ನ ಮುಖ್ಯ ಫೈಲ್‌ಗಳಿರುವ ಜಾಗ) ಮೌಂಟ್ ಆಗಲಿಲ್ಲ ಅಂತ ಪ್ಯಾನಿಕ್, ಕರ್ನಲ್ ಅಲ್ಲೇ ನಿಂತುಬಿಟ್ಟಿತು. ನನಗೆ ಅಳು ಬರುವುದೊಂದು ಬಾಕಿ, ನೀವು ನೋಡಿದರೆ "ಒಳ್ಳೇದಾಯ್ತು, ಈಗ ಓದೋಕೆ ಏನಾದ್ರೂ ಸಿಕ್ತಲ್ವಾ" ಅಂದಿರಿ.

ಆ ಸಾಲಿನ ಕೊನೆಯಲ್ಲಿದ್ದ 'ಅನ್‌ನೋನ್ ಬ್ಲಾಕ್ 0,0' ತೋರಿಸಿ, ಇಲ್ಲಿ ಡಿಸ್ಕೇ ಕರ್ನಲ್‌ಗೆ ಕಂಡಿಲ್ಲ, ಫೈಲ್ ಸಿಸ್ಟಮ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ ಅಂದಿರಿ. ನಿಜ, ಕ್ಯೂಎಮುನ ಡಿಸ್ಕ್ ಕಾಣಿಸಲು ಬೇಕಾದ ವರ್ಟಿಯೋ ಬ್ಲಾಕ್ ಡ್ರೈವರ್ ಬರೀ ಮಾಡ್ಯೂಲ್ (ಬೇರೆಯಾಗಿ ಲೋಡ್ ಮಾಡಬೇಕಾದ ಭಾಗ) ಆಗಿತ್ತು, ಅದನ್ನು ಲೋಡ್ ಮಾಡಲು ಬೂಟ್ ಆರಂಭದಲ್ಲೇ ಮೆಮೊರಿಗೆ ಬರುವ ಪುಟ್ಟ ಫೈಲ್ ಸಿಸ್ಟಮ್ ಆದ ಇನಿಟ್‌ರಾಮ್‌ಎಫ್‌ಎಸ್ಸೂ ಇರಲಿಲ್ಲ. ಕರ್ನಲ್ ಒಳಗೇ ಸೇರಿಸಿ ಮತ್ತೆ ಬಿಲ್ಡ್ ಮಾಡಿದೆ. ಲಾಗಿನ್ ಪ್ರಾಂಪ್ಟ್ ಬಂತು! ಉತ್ತರ ಕೊಟ್ಟು ಹೋಗಿಬಿಡಬಹುದಿತ್ತು ನೀವು, ಆದರೆ ಪ್ರತಿ ಸಲ ಮುಂದೆ ಎಲ್ಲಿ ನೋಡಬೇಕು ಅನ್ನೋದನ್ನು ನನ್ನಿಂದಲೇ ಹೇಳಿಸಿದಿರಿ.

ಕಂಟ್ರೋಲ್-ಎ ಒತ್ತಿ ಎಕ್ಸ್ ಒತ್ತಿದರೆ ಕ್ಯೂಎಮುನಿಂದ ಹೊರಗೆ ಬರಬಹುದು ಅಂತ ಹೇಳಿದ್ದಕ್ಕೆ ಬೇರೆಯೇ ಥ್ಯಾಂಕ್ಸ್. ಅಲ್ಲಿಯವರೆಗೆ ಇನ್ನೊಂದು ಟರ್ಮಿನಲ್ ತೆರೆದು ಕಿಲ್ ಮಾಡುತ್ತಿದ್ದೆ.