ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರುವ ಪುಟ್ಟನಿಗೆ, ಈಮ್ ಊರಿನ ಬಗ್ಗೆ

ಪ್ರೀತಿಯ ಪುಟ್ಟಾ,

ಮೊನ್ನೆ ಫೋನಿನಲ್ಲಿ "ಭಾನುವಾರ ಬಂದರೆ ಹೊತ್ತೇ ಹೋಗಲ್ಲ ದೊಡ್ಡಮ್ಮ, ಇಲ್ಲಿ ನಮ್ಮವರು ಅಂತ ಯಾರೂ ಇಲ್ಲ" ಅಂದೆಯಲ್ಲ, ಅದು ನನ್ನ ಮನಸ್ಸಿನಲ್ಲೇ ಉಳಿದುಬಿಟ್ಟಿದೆ. ನೀನು ಅಲ್ಲಿಗೆ ಹೋಗಿ ಎಂಟು ತಿಂಗಳಾಯಿತು. ಇನ್ನೂ ಲಾಡ್ಜಿನಲ್ಲಿ ಇಳಿದುಕೊಂಡವನ ಹಾಗೆ ಇರಬೇಡ. ಸುಮ್ನೆ ರೂಮಿನಲ್ಲಿ ಮಲಗುವ ಬದಲು ಒಂದು ಭಾನುವಾರ ಈಮ್‌ಗೆ ಹೋಗಿ ಬಾ.

ಬೋರ್ಡು ನೋಡಿದರೆ ನೀನು 'ಏಯಂ' ಅಂತ ಓದುತ್ತೀಯ, ಅಲ್ಲಿಯವರು ಹೇಳುವುದು 'ಈಮ್'. ಡರ್ಬಿಶೈರ್‌ನ ಬೆಟ್ಟದ ಸೀಮೆಯ ಸಣ್ಣ ಊರು, ನಿನಗೆ ಹತ್ತಿರವೇ. ನಿನ್ನ ಅಕ್ಕ ಆ ಕಡೆ ಇದ್ದಾಗ ನನ್ನನ್ನು ಕರೆದುಕೊಂಡು ಹೋಗಿದ್ದಳು.

1665ರಲ್ಲಿ ಲಂಡನ್‌ನಲ್ಲಿ ಪ್ಲೇಗ್. ಅಲ್ಲಿಂದ ಈಮ್‌ನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಒದ್ದೆಯಾಗಿತ್ತು ಅಂತ ಕೆಲಸದಾಳು ಜಾರ್ಜ್ ವಿಕರ್ಸ್ ಬಿಚ್ಚಿ ಬೆಂಕಿಯ ಮುಂದೆ ಒಣಹಾಕಿದ. ಅದರೊಳಗೆ ಪ್ಲೇಗ್ ಹರಡುವ ಚಿಗಟ ಇದ್ದವು ಅನ್ನುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ಸತ್ತ. ಆಮೇಲೆ ಅಕ್ಕಪಕ್ಕದ ಮನೆಯವರು.

ನಮ್ಮಲ್ಲಿ ಪ್ಲೇಗ್ ಬಂದಾಗ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಈಮ್‌ನವರು ಊರು ಬಿಡದೆ ಅಲ್ಲೇ ನಿಂತರು. 1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ನಮ್ಮಿಂದ ಬೇರೆ ಊರಿಗೆ ರೋಗ ಹೋಗಬಾರದು, ಯಾರೂ ಗಡಿ ದಾಟಬೇಡಿ ಅಂತ ಜನರನ್ನು ಕೇಳಿಕೊಂಡ. ಅವನು ಊರಿಗೆ ಹೊಸಬ, ಇನ್ನೂ ಮೂವತ್ತು ದಾಟಿರಲಿಲ್ಲ. ಜನರಿಗೆ ಅವನಿಗಿಂತ ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಮೇಲೆ ನಂಬಿಕೆ ಜಾಸ್ತಿ. ಧರ್ಮದ ವಿಷಯದಲ್ಲಿ ಇವರಿಬ್ಬರದೂ ಬೇರೆ ಬೇರೆ ದಾರಿ. ಆದರೂ ಮಾಂಪೆಸನ್ ಹೋಗಿ ಅವನ ಸಹಾಯ ಕೇಳಿದ, ಅವನೂ ಬಂದು ಜೊತೆಗೆ ನಿಂತ. ಆಫೀಸಿನಲ್ಲಿ ಹಿರಿಯರೊಬ್ಬರ ಜೊತೆ ಮಾತು ಬಿಟ್ಟಿದ್ದೀಯ ಅಂತ ಹೇಳಿದೆಯಲ್ಲ, ಅದಕ್ಕೇ ಇದನ್ನು ಬರೆದೆ.

ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಮುಂಚೆಯೇ ಯಾರ್ಕ್‌ಶೈರ್‌ಗೆ ಕಳಿಸಿಬಿಟ್ಟಿದ್ದ. ಅದಕ್ಕೆ ಅವನನ್ನು ಬೈಯುವವರೂ ಇದ್ದಾರೆ, ನನಗೆ ಮನಸ್ಸು ಬರುವುದಿಲ್ಲ. ಹೆಂಡತಿ ಕ್ಯಾಥರೀನ್ ಗಂಡನ ಜೊತೆಗೇ ಉಳಿದಳು, ಆಗಸ್ಟ್‌ನಲ್ಲಿ ತೀರಿಕೊಂಡಳು. ಚರ್ಚಿನ ಅಂಗಳದಲ್ಲಿ ಅವಳ ಸಮಾಧಿ ಇದೆ, ಒಂದು ಹೂವಿಟ್ಟು ಬಾ.

ಊರಾಚೆ ಸ್ಟೋನಿ ಮಿಡಲ್‌ಟನ್ ಕಡೆಗೆ ಕಾಲುದಾರಿಯಲ್ಲಿ ಗಡಿಕಲ್ಲು ಸಿಗುತ್ತೆ. ಅದರಲ್ಲಿ ಆರು ಗುಳಿ ಕೊರೆದಿದ್ದಾರೆ. ದುಡ್ಡಿನಿಂದ ರೋಗ ಅಂಟಬಾರದು ಅಂತ ಗುಳಿಗೆ ವಿನೆಗರ್ ಹಾಕಿ ಅದರಲ್ಲಿ ದುಡ್ಡು ಇಡುತ್ತಿದ್ದರು, ಹೊರಗಿನವರು ಅದನ್ನು ತೆಗೆದುಕೊಂಡು ದಿನಸಿ ಇಟ್ಟು ಹೋಗುತ್ತಿದ್ದರು. ನಾನು ಒಂದು ಗುಳಿಯೊಳಗೆ ಬೆರಳಿಟ್ಟು ನೋಡಿದೆ. ಅಂಚೆಲ್ಲ ಸವೆದು ನುಣ್ಣಗಾಗಿದೆ.

ಅಲ್ಲಿಂದ ರೈಲಿ ಸಮಾಧಿಗಳಿಗೂ ನಡೆದು ಹೋಗು. ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ತಾಯಿ ಎಂಟೇ ದಿನದಲ್ಲಿ ಗಂಡ ಮತ್ತು ಆರು ಮಕ್ಕಳನ್ನು ತಾನೇ ಮಣ್ಣು ಮಾಡಿದಳು. ಹೊಲದ ನಡುವೆ ದುಂಡಗೆ ಒಂದು ಕಲ್ಲುಗೋಡೆ, ಅದರೊಳಗೆ ಅವರ ಸಮಾಧಿ ಕಲ್ಲುಗಳು. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ. ನವೆಂಬರ್‌ಗೆ ರೋಗ ನಿಂತಾಗ ಸತ್ತವರು ಸುಮಾರು 260 ಮಂದಿ.

ಇಷ್ಟೆಲ್ಲ ಕೇಳಿ ಅದು ಬರೀ ಸಾವಿನ ಊರು ಅಂದುಕೊಳ್ಳಬೇಡ. ಆಗಸ್ಟ್ ಕೊನೆಯಲ್ಲಿ ಬಾವಿಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ. ಮರದ ಹಲಗೆಯನ್ನು ನೀರಿನಲ್ಲಿ ನೆನೆಸಿ, ಮೇಲೆ ಜೇಡಿಮಣ್ಣು ಮೆತ್ತಿ, ಹೂವಿನ ಎಸಳು ಒಂದೊಂದನ್ನೇ ಒತ್ತಿ ಚಿತ್ರ ಮಾಡುತ್ತಾರೆ. ಕೆಳಗಿನಿಂದ ಶುರುಮಾಡಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂರಿಸಬೇಕು, ಆಗ ಮಳೆ ಬಂದರೂ ನೀರು ಜಾರಿ ಹೋಗುತ್ತೆ. ಎಷ್ಟು ತಾಳ್ಮೆಯ ಕೆಲಸ ಅಲ್ವಾ? ನಿನಗೆ ಚಿಕ್ಕಂದಿನಿಂದ ರಂಗೋಲಿ ಕೈ ಇದೆ. ನಾನೂ ಒಂದೆರಡು ಎಸಳು ಒತ್ತಲಾ ಅಂತ ನಾಚಿಕೆ ಬಿಟ್ಟು ಕೇಳು.

ಆಗಸ್ಟಿನ ಕೊನೆಯ ಭಾನುವಾರ ಸತ್ತವರ ನೆನಪಿಗೆ ಬಯಲಿನಲ್ಲಿ ಪ್ರಾರ್ಥನೆ ಇರುತ್ತೆ. ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡ. ಮಳೆಗೆ ಕೋಟು ತೆಗೆದುಕೋ, ಕಾಲುದಾರಿ ಜಾರುತ್ತೆ. ರಾತ್ರಿ ಬಂದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ