ಕೂಸಿನ ಕಿವಿಗೆ ಕೊಡೆಯೂ ಬೀಳಲಿ, ಕೋಳಿಯೂ ಬೀಳಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯ ಮಕ್ಕಳ ಪುಟ ಅಕ್ಷರ ಬಲ್ಲ ಮಕ್ಕಳಿಗಾಗಿ ಇದೆ, ಸಂತೋಷ. ಇನ್ನೂ ಬೋರಲು ಬೀಳದ ಕೂಸಿಗೆ ಓದಿ ಹೇಳಬೇಕೆಂದರೆ ಮಾತ್ರ ಮುಂಬಯಿ ಕನ್ನಡಿಗರ ಮನೆಗಳಲ್ಲಿ ನಗುತ್ತಾರೆ. ‘ಅದಕ್ಕೇನು ತಿಳಿಯುತ್ತೆ?’ ಕತೆ ತಿಳಿಯದು, ನಿಜ. ಕಿವಿ ಮಾತ್ರ ಹುಟ್ಟುವ ಮೊದಲೇ ಕೆಲಸ ಶುರು ಮಾಡಿರುತ್ತದೆ.

ಈ ಊರಿನಲ್ಲಿ ಕೂಸಿಗೆ ಓದಿ ಹೇಳುವ ತುರ್ತು ಹೆಚ್ಚು. ಕನ್ನಡಕ್ಕೆ ಎ–ಏ, ಒ–ಓ ಬೇರೆ ಬೇರೆ. ಬೆಳೆ ಹೊಲದಲ್ಲಿ, ಬೇಳೆ ಡಬ್ಬಿಯಲ್ಲಿ. ಮರಾಠಿ, ಹಿಂದಿಗಳಲ್ಲಿ ಈ ಹ್ರಸ್ವ–ದೀರ್ಘದ ಭೇದವಿಲ್ಲ. ಮರಾಠಿಯಲ್ಲಿ ಳಕಾರವಾದರೂ ಇದೆ, ಹಿಂದಿಯಲ್ಲಿ ಅದೂ ಇಲ್ಲ. ಹಗಲೆಲ್ಲ ಪಾಳಣಾಘರದಲ್ಲೋ (ಶಿಶುಪಾಲನಾ ಕೇಂದ್ರ), ಮಾವಶಿಯ (ಕೂಸು ನೋಡಿಕೊಳ್ಳುವ ಮರಾಠಿ ಬಾಯಿ) ಕೈಯಲ್ಲೋ ಬೆಳೆಯುವ ಕೂಸಿಗೆ ಕನ್ನಡ ಕೇಳಿಸುವುದು ಬೆಳಿಗ್ಗೆ, ರಾತ್ರಿ ಒಂದೆರಡು ತಾಸು. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನ ನೋಡಿ: ಇಂಗ್ಲಿಷ್ ಮನೆಮಾತಿನ ಕೂಸುಗಳು 6–8 ತಿಂಗಳಲ್ಲಿ ಹಿಂದಿಯ ತ, ಟ ಬೇರೆಯೆಂದು ಗುರುತಿಸುತ್ತಿದ್ದವು, 10–12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಆಮೇಲೆ ಕಲಿಯಲಾಗದು ಎಂದಲ್ಲ, ಬೆವರು ಜಾಸ್ತಿ ಸುರಿಸಬೇಕು.

ಮೊಬೈಲಿನಲ್ಲಿ ಕನ್ನಡ ಶಿಶುಗೀತೆ ಹಾಕಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 9 ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನಿ ಭಾಷೆ ಕೇಳಿಸಿದರು. ಎದುರು ಕೂತವರು ಪುಸ್ತಕ ಓದಿ, ಆಟಿಕೆ ತೋರಿಸಿ ಮಾತಾಡಿಸಿದ ಕೂಸುಗಳು ಆ ಭಾಷೆಯ ಧ್ವನಿಭೇದ ಹಿಡಿದವು. ಅದನ್ನೇ ಪರದೆಯಲ್ಲಿ ನೋಡಿದವೂ ಹಿಡಿಯಲಿಲ್ಲ, ಬರೀ ಧ್ವನಿ ಕೇಳಿದವೂ ಹಿಡಿಯಲಿಲ್ಲ. ಮನುಷ್ಯರೇ ಓದಬೇಕು.

ಹೇಗೆ ಓದುವುದು? ಹುಟ್ಟಿದ ಕೂಸಿನ ನೋಟ ನಿಲ್ಲುವುದು 20–30 ಸೆಂಟಿಮೀಟರಿನಲ್ಲಿ, ಅಂದರೆ ಒಂದು ಗೇಣಿನ ಆಚೀಚೆ. ಮೊದಲ ಮೂರು ತಿಂಗಳು ಮೊಣಕಾಲು ಮಡಚಿ ಕೂತು, ತೊಡೆಯ ಇಳಿಜಾರಿನಲ್ಲಿ ಕೂಸನ್ನು ಅಂಗಾತ ಮಲಗಿಸಿಕೊಳ್ಳಿ. ಕತ್ತಿಗೆ ಆಸರೆ ಇರಲಿ. ಪುಸ್ತಕ ನಿಮ್ಮ ಗಲ್ಲದ ಪಕ್ಕದಲ್ಲಿರಬೇಕು, ಮುಖಕ್ಕೆ ಅಡ್ಡ ಬರಬಾರದು. ಆರು ತಿಂಗಳಾದ ಮೇಲೆ ಬಹಳ ಜನ ಕೂಸಿನ ಬೆನ್ನನ್ನು ತಮ್ಮ ಎದೆಗೆ ಒರಗಿಸಿ ಕೂರಿಸುತ್ತಾರೆ. ಓದುವವರ ತುಟಿಯನ್ನೇ ದಿಟ್ಟಿಸುವ ವಯಸ್ಸು ಅದು, ಆ ತುಟಿಯೇ ಕಾಣದಂತಾಗುತ್ತದೆ. ಮಡಿಲಲ್ಲಿ ಓರೆಯಾಗಿ ಕೂರಿಸಿ.

ಪುಟ ಇಷ್ಟಿದ್ದರೆ ಸಾಕು: ‘ಮಳೆ ಬಂತು. ಕೊಡೆ ಬಿಚ್ಚು. ಕೊಡೆಯ ಕೆಳಗೆ ಕೋಳಿ.’ ಕೊಡೆಯನ್ನು ಮೊಟಕಾಗಿ ಹೇಳಿ, ಕೋಳಿಯನ್ನು ಎಳೆಯಿರಿ. ಚಿತ್ರದ ಮೇಲೆ ಬೆರಳಿಟ್ಟು ಸುಮ್ಮನಾಗಿ, ಮನಸ್ಸಿನಲ್ಲೇ ಐದು ಎಣಿಸಿ. ಕೂಸು ಕಾಲು ಒದ್ದರೆ, ‘ಆ’ ಎಂದರೆ ಅದು ಅದರ ಸರದಿ. ನೀವೂ ‘ಆ’ ಎಂದು ಪುಟ ತಿರುಗಿಸಿ. ಕೆಡುವುದೆಲ್ಲ ಇಲ್ಲೇ. ಎಂಟೂ ಹತ್ತರ ಲೋಕಲ್ ರೈಲು ತಪ್ಪುತ್ತದೆಂಬಂತೆ ಓದಿ ಮುಗಿಸಿಬಿಡುತ್ತಾರೆ, ಕೂಸಿಗೆ ಉತ್ತರ ಕೊಡಲು ಪುರಸೊತ್ತೇ ಸಿಗುವುದಿಲ್ಲ. ಮುಖ ಅತ್ತ ತಿರುಗಿಸಿತೋ, ಬೆನ್ನು ಬಿಲ್ಲಾಯಿತೋ, ಅಲ್ಲಿಗೆ ಸಾಕು. ಸಲಕ್ಕೆ 2–3 ನಿಮಿಷ, ದಿನಕ್ಕೆ ಎರಡು ಮೂರು ಸಲ. ಹಸಿದಾಗ ಬೇಡ, ಕುಕ್ಕರ್ ಕೂಗುವಾಗ ಬೇಡ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಆರಿಸಲೇಬೇಕು. ಧಾರಾವಾಹಿಯ ಹೊತ್ತು ತಪ್ಪಿಸಿ ಓದುವುದು ಸಂಸಾರಕ್ಕೂ ಕ್ಷೇಮ. ಅದೇ ಪುಸ್ತಕವನ್ನು ಇಪ್ಪತ್ತು ದಿನ ಓದಿದರೂ ಬೇಸರವಾಗುವುದು ದೊಡ್ಡವರಿಗೆ.

ಐದಾರು ತಿಂಗಳಿಗೆ ಪುಸ್ತಕ ಬಾಯಿಗೆ ಹೋಗುತ್ತದೆ. ಗದರಬೇಡಿ, ದಪ್ಪ ರಟ್ಟಿನದು ಕೊಡಿ. ನಡುವೆ ಪಿನ್ ಹೊಡೆದ ತೆಳು ಪುಸ್ತಕ ಕೂಡದು: ಎಳೆದಾಗ ಪಿನ್ ಕಿತ್ತು ಗಂಟಲಿಗೆ ಇಳಿದೀತು. ರಟ್ಟಿನ ಪುಸ್ತಕ ಇಂಗ್ಲಿಷಿನದೇ ಸಿಕ್ಕಿದರೆ ಅಕ್ಷರ ಬಿಡಿ, ಚಿತ್ರಕ್ಕೆ ಕನ್ನಡದಲ್ಲಿ ಮಾತು ಹೆಣೆಯಿರಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ. ಫೋನಿನಲ್ಲಿ ತೋರಿಸದೆ ಅಚ್ಚು ತೆಗೆಸಿಕೊಂಡು ಓದಿ. ಮನೆಮಾತು ತುಳುವಾದರೆ ತುಳುವಿನಲ್ಲೇ ಹೇಳಿ, ಎ–ಏ, ಒ–ಓ ಅಲ್ಲೂ ಇವೆ.

ತಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದ ಮೂಲೆಯಲ್ಲಿ ವಾರಕ್ಕೊಂದು ದೊಡ್ಡ ಕಪ್ಪು–ಬಿಳುಪು ಚಿತ್ರ, ಕೆಳಗೆ ಮೂರೇ ಸಾಲು ಹಾಕಿ. ಕತ್ತರಿಸಿ ಸೀರೆ ಪೆಟ್ಟಿಗೆಯ ರಟ್ಟಿಗೆ ಅಂಟಿಸಿಕೊಳ್ಳಬಹುದು. ಪತ್ರಿಕೆಯ ಶಾಯಿ ಬಾಯಿಗೆ ಹೋಗಬಾರದ್ದರಿಂದ ‘ಹಿಡಿದು ತೋರಿಸಿ, ಕೂಸಿನ ಕೈಗೆ ಕೊಡಬೇಡಿ’ ಎಂದು ಅಲ್ಲೇ ಸಣ್ಣಕ್ಷರದಲ್ಲಿ ಸೇರಿಸಿಬಿಡಿ.

– ಇಬ್ಬರು ಬಾಲವಾಡಿ ಶಿಕ್ಷಕಿಯರು, ಡೊಂಬಿವಲಿ ಪೂರ್ವ