ಏಳನೇ ಇನಿಂಗ್ಸ್‌ನಲ್ಲಿ ನಿಂತ ಪೆನ್ಸಿಲ್

ಆಗಸ್ಟ್ ಕೊನೆಯ ಹೊತ್ತಿಗೆ ಒಂದು ಸಂಜೆ ನಮ್ಮ ಯಜಮಾನರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಬೇಸ್‌ಬಾಲ್ ಮೈದಾನ, ಎಕ್ಸೈಟ್ ಬಾಲ್‌ಪಾರ್ಕಿನ ಮೆಟ್ಟಿಲು ಹತ್ತಿದರು. ನಡುವೆ ಎರಡು ಸಲ ನಿಂತು ಸುಧಾರಿಸಿಕೊಂಡು ನಮ್ಮ ಹಳೇ ಸೀಟಿಗೆ ಬಂದು ಕೂತರು. ಕೂತವರೇ ಮೊದಲು ಕೇಳಿದ್ದು, "ಇವತ್ತು ಪಿಚಿಂಗ್ ಯಾರು?" ಗಂಟಲು ಕಟ್ಟಿ ನನಗೆ ಹೆಸರು ಹೇಳಲಾಗಲಿಲ್ಲ. ಆ ಕಡೆ ಕೂತಿದ್ದ ಮೇಷ್ಟ್ರು ತಮ್ಮ ಸ್ಕೋರ್ ಪುಸ್ತಕ ಇವರ ತೊಡೆಯ ಮೇಲಿಟ್ಟು ಬೆರಳಿನಿಂದ ತೋರಿಸಿದರು.

ಮೇ ತಿಂಗಳಲ್ಲಿ ಇವರು ಆಸ್ಪತ್ರೆ ಸೇರಿದಾಗಿನಿಂದ ಏನೇನಾಯಿತು ಅನ್ನೋದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಬರೆಯಲಾರೆ. ಇವರು ಈಗ ಮನೆಯಲ್ಲಿದ್ದಾರೆ, ದಿನಾ ಬೆಳಿಗ್ಗೆ ಕೊಯೋಟಿ ಕ್ರೀಕ್ ದಾರಿಯಲ್ಲಿ ನಿಧಾನವಾಗಿ ನಡೀತಾರೆ, ಊಟ ಸೇರುತ್ತಿದೆ. ಒಂಬತ್ತು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಎಳೆಯ ಆಟಗಾರರ ಬಗ್ಗೆ ವಾರಕ್ಕೊಂದು ಟಿಪ್ಪಣಿ ಬರೆದು ನಿಮಗೆ ಕಳಿಸುತ್ತಿದ್ದೆ. ಈ ಬೇಸಿಗೆಯಲ್ಲಿ ಎಷ್ಟೋ ವಾರ ಬರೆಯಲಿಲ್ಲ. ಮತ್ತೆ ಶುರು ಮಾಡುವ ಮೊದಲು ಈ ಸಾಲ ತೀರಿಸಬೇಕು. ತೀರುವ ಸಾಲವಲ್ಲ ಅಂತ ಗೊತ್ತು, ಆದರೂ ಹೇಳಿಕೊಳ್ಳದೆ ಇರಲಾಗುತ್ತಿಲ್ಲ.

ಶಿವಮೊಗ್ಗದಿಂದ ಬಂದು ಎರಡು ತಿಂಗಳು ನಮ್ಮ ಅಡುಗೆಮನೆ ಹೊತ್ತು ನಡೆಸಿದ ಅಕ್ಕ, ಸರದಿ ಹಾಕಿಕೊಂಡು ತಿಳಿಸಾರು ಅನ್ನ ಡಬ್ಬಿಗೆ ಹಾಕಿ ಬಾಗಿಲಲ್ಲಿಟ್ಟು ಹೋದ ಕನ್ನಡ ಕೂಟದ ಗೆಳತಿಯರು, ತಮ್ಮ ರಜೆಯನ್ನೇ ಇವರ ಹೆಸರಿಗೆ ಬರೆದುಕೊಟ್ಟ ಆಫೀಸಿನವರು, ಇವರ ಕೈಬೆರಳು ಮಡಚಲು ಕಲಿಸಿದ ಥೆರಪಿಸ್ಟ್, ನಾನು ಕೇಳದಿದ್ದರೂ ಪ್ರತಿ ರಾತ್ರಿ ಜೈಂಟ್ಸ್ ಕೆಳಗಿನ ತಂಡಗಳಾದ ಯೂಜೀನ್, ರಿಚ್ಮಂಡ್, ಸ್ಯಾಕ್ರಮೆಂಟೊ ಪಂದ್ಯಗಳ ಅಂಕಿಗಳನ್ನು ಬರೆದಿಟ್ಟು ಕಳಿಸಿದ ಫ್ರೀಮಾಂಟಿನ ಇಬ್ಬರು ತಮ್ಮಂದಿರು, ನಿಮಗೆಲ್ಲ ಮನಸಾರೆ ನಮಸ್ಕಾರ. ಕಾಲೇಜಿನ ಪರೀಕ್ಷೆ ಬಿಟ್ಟು ಓಡಿಬಂದ ಮಗಳಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಅವಳು ಬೈಯುತ್ತಾಳೆ, ಅವಳದ್ದು ಮನೆಯಲ್ಲೇ ಆಗಿದೆ.

ಇನ್ನು ಮೇಷ್ಟ್ರು.

ಅವರ ಹೆಸರು ಬರೆಯಬಾರದು ಅಂತ ಅವರೇ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅವರನ್ನು ಮೇಷ್ಟ್ರು ಅಂತಲೇ ಕರೆಯೋದು, ಏಕೆಂದರೆ ಬೇಸ್‌ಬಾಲ್ ಸ್ಕೋರ್ ಬರೆಯೋದನ್ನು ನಮಗೆ ಕಲಿಸಿದವರು ಅವರು. ವಯಸ್ಸು ಎಂಬತ್ತರ ಹತ್ತಿರ. ಸ್ಯಾನ್ ಹೋಸೆಯ ಹಣ್ಣಿನ ಡಬ್ಬಿ ಕಾರ್ಖಾನೆಯೊಂದರಲ್ಲಿ ದುಡಿದವರು. ಈ ಮೈದಾನ ಕಟ್ಟಿದ್ದು 1942ರಲ್ಲಿ, ಇಲ್ಲಿನ ತಂಡ ಜೈಂಟ್ಸ್‌ಗೆ ಸೇರಿದ್ದು 1988ರಲ್ಲಿ. ಮೇಷ್ಟ್ರು ಅದಕ್ಕೂ ಮುಂಚಿನಿಂದ ಬರುತ್ತಿದ್ದವರು.

ನಮಗೆ ಈ ಹುಚ್ಚು ಹತ್ತಿದ್ದು 2008ರಲ್ಲಿ. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅನ್ನುವ ಇಬ್ಬರು ಈಟಿ ಎಸೆಯುವ ಹುಡುಗರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಕ್ರಿಕೆಟ್ ಬಿಟ್ಟು ಬೇರೆ ನೋಡದ ಇವರು, ಆ ಹುಡುಗರು ಮುಂದೆ ಎಲ್ಲಿ ಆಡುತ್ತಾರೆ ಅಂತ ಹುಡುಕಲು ಹೊರಟರು. ಆಗ ಗೊತ್ತಾಯಿತು, ದೊಡ್ಡ ತಂಡದ ಕೆಳಗೆ ಇಷ್ಟು ಮೆಟ್ಟಿಲುಗಳಿವೆ, ಒಂದೊಂದು ಮೆಟ್ಟಿಲಲ್ಲೂ ನೂರಾರು ಹುಡುಗರು ಕಾಯುತ್ತಿದ್ದಾರೆ ಅಂತ. ಅದರಲ್ಲೊಂದು ಮೆಟ್ಟಿಲು ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿ. ಮುಂದಿನ ವರ್ಷ ಹೋದೆವು. ಪಕ್ಕದಲ್ಲಿ ಕೂತಿದ್ದ ಮನುಷ್ಯ ಪೆನ್ಸಿಲ್ ಹಿಡಿದು ಚೌಕಗಳಲ್ಲಿ ಏನೋ ಗೀಚುತ್ತಿದ್ದರು. ನಮ್ಮಪ್ಪ ಶಿವಮೊಗ್ಗದಲ್ಲಿ ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದವರು. ಆ ಕೈ ಓಡುವ ರೀತಿ ನೋಡಿ ನನಗೆ ಅಪ್ಪನೇ ಕೂತ ಹಾಗಾಯಿತು. ಕೇಳಿಯೇಬಿಟ್ಟೆ, ಇದೇನು ಅಂತ.

ಮೈದಾನದ ಒಂದೊಂದು ಜಾಗಕ್ಕೂ ಒಂದು ಸಂಖ್ಯೆ. ಚೆಂಡು ಎಸೆಯುವ ಪಿಚರ್ ಒಂದು, ಅದನ್ನು ಹಿಡಿಯುವ ಕ್ಯಾಚರ್ ಎರಡು, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಆರು. ಆರು-ನಾಲ್ಕು-ಮೂರು ಅಂದರೆ ಶಾರ್ಟ್‌ಸ್ಟಾಪ್‌ನಿಂದ ಎರಡನೇ ಬೇಸಿಗೆ, ಅಲ್ಲಿಂದ ಮೊದಲನೇ ಬೇಸಿಗೆ, ಇಬ್ಬರು ಔಟ್. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದರೆ, ಅಂದರೆ ಮೂರನೇ ಸ್ಟ್ರೈಕ್‌ಗೆ ಔಟಾದರೆ, ಇಂಗ್ಲಿಷಿನ 'ಕೆ' ಅಕ್ಷರ. ಬೀಸದೆ ನಿಂತು ನೋಡುತ್ತಲೇ ಔಟಾದರೆ ಅದೇ 'ಕೆ' ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಲ್ಲುತ್ತದೆ. ಒಂದು ಬೇಸಿಗೆಯಲ್ಲಿ ಇಷ್ಟೂ ಕಲಿಸಿದರು.

ಅವರಿಂದ ಕಲಿತ ಇನ್ನೊಂದು ವಿಷಯ ಹೇಳಬೇಕು. ನಾವು ಸದಾ ಕೇಳುತ್ತಿದ್ದೆವು, "ಈ ಹುಡುಗ ಮೇಲೆ ಹೋಗ್ತಾನಾ?" ಎಲ್ಲರೂ ಕೇಳುವ ಪ್ರಶ್ನೆ ಅದು. ಪರಿಣತರು ಇಪ್ಪತ್ತರಿಂದ ಎಂಬತ್ತರವರೆಗಿನ ಅಳತೆಯಲ್ಲಿ ಈ ಹುಡುಗರ ಓಟ, ಎಸೆತ, ಹೊಡೆತ ಎಲ್ಲಕ್ಕೂ ಅಂಕ ಹಾಕಿರುತ್ತಾರೆ. ಮೇಷ್ಟ್ರು ಮಾತ್ರ ಯಾವತ್ತೂ ಹೌದು ಅಂದವರಲ್ಲ, ಇಲ್ಲ ಅಂದವರೂ ಅಲ್ಲ. "ಇವತ್ತು ಮೂರನೇ ಬ್ಯಾಟರ್ ಆಗಿ ಬರ್ತಿದಾನೆ" ಅನ್ನೋರು, ಅಷ್ಟೇ.

ಅದು ಎಲ್ಲಿಂದ ಬಂದ ಮಾತು ಅಂತ ಆಮೇಲೆ ತಿಳಿಯಿತು. ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಎಷ್ಟೋ ವರ್ಷ ಈ ಹುಡುಗರನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಆಗ ಸಂಬಳ ಅಂತ ಹೇಳಿಕೊಳ್ಳುವ ಹಾಗೇ ಇರಲಿಲ್ಲ. 2022ರವರೆಗೂ ಈ ಮಟ್ಟದ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ ಹನ್ನೊಂದು ಸಾವಿರ ಡಾಲರ್ ಆಸುಪಾಸು. ಸ್ಯಾನ್ ಹೋಸೆಯಲ್ಲಿ ಅದರಲ್ಲಿ ಬಾಡಿಗೆ ಹೇಗೆ ಕಟ್ಟುವುದು? 2022ರಿಂದ ವಸತಿ ತಂಡದ ಜವಾಬ್ದಾರಿಯಾಯಿತು, ಅದೇ ವರ್ಷ ಹುಡುಗರು ಆಟಗಾರರ ಸಂಘಕ್ಕೆ ಸೇರಿದರು, 2023ರಲ್ಲಿ ಕನಿಷ್ಠ ಸಂಬಳ 26,200 ಡಾಲರ್ ಆಯಿತು. ಅದಕ್ಕೂ ಮುಂಚೆ ಎಷ್ಟೋ ಹುಡುಗರಿಗೆ ಮೇಷ್ಟ್ರಂಥವರ ಮನೆಯೇ ಆಸರೆ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದ, ಇಂಗ್ಲಿಷ್ ಬಾರದ ಹತ್ತೊಂಬತ್ತರ ಹುಡುಗ ತಂಡದಿಂದ ಕೈಬಿಟ್ಟರು ಅಂತ ರಾತ್ರಿ ಬಂದು ಅಡುಗೆಮನೆಯ ಮೇಜಿಗೆ ತಲೆ ಇಟ್ಟಾಗ, ಅವನ ಎದುರು ಬೆಳಗಿನವರೆಗೆ ಕೂತಿರುತ್ತಿದ್ದವರು ಮೇಷ್ಟ್ರು. "ಸ್ಪ್ಯಾನಿಷ್ ನಂಗೆ ಅಷ್ಟು ಬರ್ತಿರಲಿಲ್ಲ, ಅದಕ್ಕೇ ಸುಮ್ಮನೆ ಕೂರೋದು ಕಲಿತೆ" ಅಂತ ಒಮ್ಮೆ ಹೇಳಿದ್ದರು.

ಮೇ ತಿಂಗಳ ಆ ರಾತ್ರಿ ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಮಗಳಿಗೆ ಮಾತ್ರ ಹೇಳಿದ್ದೆ. ಅವಳ ವಿಮಾನ ಬೆಳಿಗ್ಗೆಗೆ. ಸತತ ಎರಡು ದಿನ ನಮ್ಮ ಸೀಟು ಖಾಲಿ ನೋಡಿದ ಮೇಷ್ಟ್ರು ಪಂದ್ಯ ಮುಗಿದ ಮೇಲೆ ತಾವೇ ಫೋನ್ ಮಾಡಿದರು. ಎಲ್ಲಿ ಅಂತ ಮಾತ್ರ ಕೇಳಿದರು. ಹನ್ನೊಂದು ಗಂಟೆ ಹೊತ್ತಿಗೆ ಕಾರಿಡಾರಿನ ಕೊನೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಬರುತ್ತಿದ್ದರು. ಕಂಕುಳಲ್ಲಿ ಫ್ಲಾಸ್ಕ್, ಒಂದು ಹಳೇ ಸ್ಕೋರ್ ಪುಸ್ತಕ.

ಅದು 2009ರ ಪುಸ್ತಕ. ಇವರು ವರ್ಷಗಟ್ಟಲೆ ನೋಡಬೇಕು ಅಂತ ಕೇಳುತ್ತಿದ್ದದ್ದು. ಆ ವರ್ಷ ಬಸ್ಟರ್ ಪೋಸಿ ಇಲ್ಲಿ ಕ್ಯಾಚರ್, ಮ್ಯಾಡಿಸನ್ ಬಮ್‌ಗಾರ್ನರ್ ಇಲ್ಲಿ ಪಿಚರ್. ಮುಂದಿನ ವರ್ಷವೇ ಇಬ್ಬರೂ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲಿನ ಫೈನಲ್, ಗೆದ್ದ ಜೈಂಟ್ಸ್ ತಂಡದಲ್ಲಿದ್ದರು. ಇವರಿಗೆ ಎಚ್ಚರವಾದಾಗ ತೋರಿಸಲು ತಂದಿದ್ದರು. ಒಳಗಿನ ಪರಿಸ್ಥಿತಿ ಏನು ಅಂತ ಅವರಿಗೆ ಗೊತ್ತಿರಲಿಲ್ಲ.

ನನ್ನ ತೊಡೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಅದರಲ್ಲಿ ಇವರ ಬಟ್ಟೆ, ಬೆಲ್ಟು, ಶೂ. ಬಲಗಾಲಿನ ಶೂ ಲೇಸು ಕಟ್ಟಿದ ಹಾಗೇ ಇತ್ತು. ಅದನ್ನು ಬಿಚ್ಚಬೇಕೋ ಬೇಡವೋ ಅಂತ ನಾನು ಅದೆಷ್ಟು ಹೊತ್ತಿನಿಂದ ಯೋಚಿಸುತ್ತಿದ್ದೆನೋ. ಬಿಚ್ಚಿದರೆ ಏನೋ ಮುಗಿದುಹೋಗುತ್ತದೆ ಅನ್ನಿಸುತ್ತಿತ್ತು.

ಮೇಷ್ಟ್ರು ಪಕ್ಕದಲ್ಲಿ ಕೂತರು. ಕಾಫಿ ಬಗ್ಗಿಸಿ ಕೊಟ್ಟರು. ಆಮೇಲೆ ಪುಸ್ತಕ ತೆರೆದು ಯಾವುದೋ ಒಂದು ಪುಟ ಹಿಡಿದು, ಮೊದಲ ಇನಿಂಗ್ಸ್‌ನಿಂದ ಓದಲು ಶುರು ಮಾಡಿದರು. ಸಣ್ಣ ದನಿಯಲ್ಲಿ, ಒಂದೊಂದೇ ಚೌಕ. "ಮೊದಲ ಬ್ಯಾಟರ್, ಆರರಿಂದ ಮೂರಕ್ಕೆ, ಔಟ್. ಎರಡನೆಯವನು ಎಡಕ್ಕೆ ಹೊಡೆದ, ಮೊದಲ ಬೇಸ್ ಸಿಕ್ಕಿತು." ಆ ಪಂದ್ಯದಲ್ಲಿ ಪೋಸಿ ಆಡಿರಲಿಲ್ಲ, ವಿಶ್ರಾಂತಿ. ಬಮ್‌ಗಾರ್ನರ್ ಕೂಡ ಇರಲಿಲ್ಲ. ನಾನು ಕೇಳಿರದ ಹೆಸರುಗಳು. ಪೆನ್ಸಿಲ್ ಗುರುತು ಮಾಸಿದ ಕಡೆ ಪುಟವನ್ನು ದೀಪಕ್ಕೆ ವಾಲಿಸಿ ನೋಡಿ, ಸರಿಯಾಗಿ ಕಂಡ ಮೇಲೇ ಮುಂದೆ ಹೋಗುತ್ತಿದ್ದರು. ಒಂದು ಇನಿಂಗ್ಸ್ ಮುಗಿದರೆ ಸ್ವಲ್ಪ ಸುಮ್ಮನಿದ್ದು ಮತ್ತೆ ಮುಂದಿನದು. ನಡುವೆ ನರ್ಸ್ ಬಂದು ಹೋದರು. ಯಾರೋ ಅತ್ತರು, ಬೇರೆ ಮನೆಯವರು. ಮೇಷ್ಟ್ರು ನಿಲ್ಲಿಸಿ, ಅವರ ಅಳು ಮುಗಿಯುವವರೆಗೆ ಪುಸ್ತಕ ಮುಚ್ಚಿ ಹಿಡಿದು, ಮತ್ತೆ ತೆರೆದರು.

ಎರಡು ಗಂಟೆ ದಾಟಿತ್ತು. ನಾನು ಕೇಳಿದೆ, "ಉಳೀತಾರಾ?"

ಅವರು ನನ್ನ ಮುಖ ನೋಡಿದರು. "ಈಗ ಐದನೇ ಇನಿಂಗ್ಸ್" ಅಂದರು. "ಒಬ್ಬ ಔಟ್."

ಆ ಕ್ಷಣ ಸಿಟ್ಟು ಬಂತು. ಎಲ್ಲ ಸರಿಹೋಗುತ್ತೆ ಅಂತ ಒಂದು ಮಾತು ಹೇಳಬಾರದಾ ಈ ಮನುಷ್ಯ, ಸುಳ್ಳಾದರೂ ಸರಿ ಅನ್ನಿಸಿತು. ಎದ್ದು ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತೆ. ಜೋರಾಗಿ ಅತ್ತೆ. ದೇವರನ್ನು ಬೈದೆ, ಇವರನ್ನು ಬೈದೆ, ಇಪ್ಪತ್ತಾರು ವರ್ಷದ ಹಿಂದೆ ಈ ದೇಶಕ್ಕೆ ಕರೆತಂದು ಹೀಗೆ ಒಂಟಿ ಮಾಡ್ತೀರಾ ಅಂತ ಕನ್ನಡದಲ್ಲಿ ಗೋಡೆಯ ಹತ್ತಿರ ಕೇಳಿದೆ. ತಿರುಗಿ ನೋಡಿದಾಗ ಮೇಷ್ಟ್ರು ನಾನು ಬಿಟ್ಟುಹೋದ ಚೀಲವನ್ನು ನೆಲಕ್ಕೆ ಇಡದೆ ತಮ್ಮ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದರು. ಬಂದು ಕೂತೆ. ಅದೇ ಚೌಕದಿಂದ ಮುಂದುವರಿಸಿದರು.

ಏಳನೇ ಇನಿಂಗ್ಸ್ ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಡಾಕ್ಟರ್ ಬಂದರು. ಅವರು ಹೇಳಿದ್ದು ಕೇಳಿಸಿಕೊಳ್ಳಲು ಎದ್ದಾಗ ಮೇಷ್ಟ್ರು ಪುಟದ ನಡುವೆ ಪೆನ್ಸಿಲ್ ಇಟ್ಟು ಪುಸ್ತಕ ಮುಚ್ಚಿದರು. ಬೆಳಿಗ್ಗೆ ಮಗಳು ಬರುವವರೆಗೆ ಇದ್ದು, ಅವಳನ್ನು ವಿಮಾನ ನಿಲ್ದಾಣದಿಂದ ಕರೆತಂದವರೂ ಅವರೇ.

ಆಮೇಲಿನ ವಾರಗಳ ಬಗ್ಗೆ ಒಂದೇ ಒಂದು ದಿನದ ವಿಷಯ ಬರೆಯುತ್ತೇನೆ. 2025ರ ಜೂನ್ 15, ಭಾನುವಾರ. ಇವರಿಗೆ ಮಾತು ಬರುತ್ತಿತ್ತು, ಆದರೆ ತಾರೀಖು ಕೇಳಿದರೆ ತಡವರಿಸೋರು, ತಿಂಗಳು ಕೇಳಿದರೆ ನನ್ನ ಮುಖ ನೋಡೋರು. ಆವತ್ತು ಜೈಂಟ್ಸ್ ತಂಡ ರಫಾಯೆಲ್ ಡೆವರ್ಸ್ ಅನ್ನುವ ಬ್ಯಾಟರ್‌ನನ್ನು ತರಲು ಬಾಸ್ಟನ್ ತಂಡಕ್ಕೆ ಬಿಟ್ಟುಕೊಟ್ಟವರಲ್ಲಿ ಕೈಲ್ ಹ್ಯಾರಿಸನ್ ಒಬ್ಬ. ಇಲ್ಲೇ ಹತ್ತಿರದ ಕಾನ್ಕಾರ್ಡ್‌ನಲ್ಲಿ ಹೈಸ್ಕೂಲ್ ಓದಿದ, 2021ರಲ್ಲಿ ತನ್ನ ಮೊದಲ ಸೀಸನ್ನನ್ನು ನಮ್ಮ ಕಣ್ಣೆದುರು ಆಡಿದ ಎಡಗೈ ಪಿಚರ್. ಬಿಟ್ಟುಕೊಡಲು ತೀರ್ಮಾನಿಸಿದ್ದು ಅದೇ ಬಸ್ಟರ್ ಪೋಸಿ. 2024ರ ಶರತ್ಕಾಲದಿಂದ ತಂಡದ ಆಡಳಿತ ಅವನ ಕೈಯಲ್ಲಿದೆ. ಮೇಷ್ಟ್ರ ಪುಸ್ತಕದ ಚೌಕಗಳಲ್ಲಿದ್ದ ಹುಡುಗ ಈಗ ಉಳಿದ ಹುಡುಗರು ಎಲ್ಲಿಗೆ ಹೋಗಬೇಕು ಅಂತ ನಿರ್ಧರಿಸುತ್ತಾನೆ. ಇವರಿಗೆ ಹೇಳಲೋ ಬೇಡವೋ ಅಂತ ಮಧ್ಯಾಹ್ನದಿಂದ ಒದ್ದಾಡಿ ಕೊನೆಗೆ ಹೇಳಿದೆ, "ಹ್ಯಾರಿಸನ್‌ನ ಕೊಟ್ಟುಬಿಟ್ರು ಕಣ್ರೀ."

ಇವರು ತುಂಬಾ ಹೊತ್ತು ಚಾವಣಿ ನೋಡಿದರು. "ನೂರ ಐವತ್ತೇಳು" ಅಂದರು.

2021ರಲ್ಲಿ ಹ್ಯಾರಿಸನ್ ಇಲ್ಲಿ ಮಾಡಿದ ಸ್ಟ್ರೈಕ್‌ಔಟ್‌ಗಳು. ತೊಂಬತ್ತೆಂಟೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಇನಿಂಗ್ಸ್‌ಗಳಲ್ಲಿ 157. ನಾನು ಹೊರಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿ ಆ ಸಂಖ್ಯೆ ಒಂದನ್ನೇ ಹೇಳಿದೆ. ಅವರಿಗೆ ಎಲ್ಲ ಅರ್ಥವಾಯಿತು.

ಸೆಪ್ಟೆಂಬರ್ 15, ಸೋಮವಾರ, ಬ್ರೈಸ್ ಎಲ್ಡ್ರಿಜ್ ದೊಡ್ಡ ತಂಡಕ್ಕೆ ಮೊದಲ ಸಲ ಆಡಿದ. 2024ರಲ್ಲಿ ಇಲ್ಲಿಂದ ಶುರು ಮಾಡಿ ಅದೊಂದೇ ವರ್ಷದಲ್ಲಿ ಯೂಜೀನ್, ರಿಚ್ಮಂಡ್, ಸ್ಯಾಕ್ರಮೆಂಟೊ ಎಲ್ಲ ದಾಟಿದವನು. ಆರಡಿ ಏಳಿಂಚು ಎತ್ತರ, ಆಗಿನ್ನೂ ಇಪ್ಪತ್ತೇ ವರ್ಷ. ಪಂದ್ಯ ಅರಿಜೋನಾದಲ್ಲಿ, ನಾವು ಮೂವರೂ ನಮ್ಮ ಮನೆಯ ಹಾಲ್‌ನಲ್ಲಿ. ಮೇಷ್ಟ್ರು ಸ್ಕೋರ್ ಬರೆಯಲು ಪೆನ್ಸಿಲನ್ನು ಇವರ ಕೈಗೆ ಕೊಟ್ಟರು. ಎಲ್ಡ್ರಿಜ್ ಹೆಸರು ಬರೆಯಲು ಇವರಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅಕ್ಷರ ಸೊಟ್ಟ, ಆದರೆ ಓದಬಹುದು.

ಪಂದ್ಯ ಮುಗಿದ ಮೇಲೆ ಮೇಷ್ಟ್ರು ಚೀಲದಿಂದ 2009ರ ಪುಸ್ತಕ ತೆಗೆದರು. ಪೆನ್ಸಿಲ್ ಇಟ್ಟಲ್ಲೇ ಇತ್ತು. ನಾಲ್ಕು ತಿಂಗಳು ಅವರು ಆ ಪುಟ ತೆರೆದಿರಲಿಲ್ಲ. ಎಂಟನೇ ಇನಿಂಗ್ಸ್‌ನಿಂದ ಓದಿದರು. ಒಂಬತ್ತನೆಯದರ ಕೊನೆ, ಸ್ಯಾನ್ ಹೋಸೆಗೆ ಸಮ ಮಾಡಲು ಒಂದು ರನ್ ಬೇಕು. ಇಬ್ಬರು ಔಟ್, ಮೂರನೇ ಬೇಸ್‌ನಲ್ಲಿ ಒಬ್ಬ ಕಾಯುತ್ತಿದ್ದಾನೆ. ಮೇಷ್ಟ್ರು ಪುಟವನ್ನು ದೀಪಕ್ಕೆ ವಾಲಿಸಿದರು.

"ಕೆ. ತಿರುಗಿ ನಿಂತಿದೆ."

ಇವರು ಸೋಫಾದ ತುದಿಗೆ ಸರಿದಿದ್ದವರು ತೊಡೆ ತಟ್ಟಿಕೊಂಡು, ಕನ್ನಡದಲ್ಲೇ, "ಛೆ, ಬೀಸಬೇಕಿತ್ತು ಕಣೋ!" ಅಂದರು. ಮೇಷ್ಟ್ರು ಅರ್ಥ ಕೇಳಲಿಲ್ಲ.